ಅಲರ್ಜಿ ಚುಚ್ಚುಮದ್ದು: ಶ್ರವಣಬೆಳಗೊಳ ಸೀಮೆಯ ಹಿನ್ನೆಲೆಯಲ್ಲಿ

ಅಲರ್ಜಿ ಚುಚ್ಚುಮದ್ದು ಎಂಬುದು ಒಗ್ಗದ ವಸ್ತುವನ್ನೇ ಮೈಗೆ ಒಗ್ಗಿಸುವ ಚಿಕಿತ್ಸೆ. ಸೀನು, ಮೂಗು ಸೋರಿಕೆ, ಕಣ್ಣಿನ ನವೆ, ಉಬ್ಬಸಗಳಿಗೆ ಕಾರಣವಾದ ಪರಾಗ, ಧೂಳುನುಸಿ ಅಥವಾ ಕೀಟದ ವಿಷದ ಸಾರವನ್ನು ಅತ್ಯಲ್ಪ ಪ್ರಮಾಣದಲ್ಲಿ ಚರ್ಮದಡಿಗೆ ಕೊಡಲಾರಂಭಿಸಿ, ತಿಂಗಳುಗಟ್ಟಲೆ ಹಂತಹಂತವಾಗಿ ಏರಿಸಿ, ಕೊನೆಗೆ ಒಂದು ಪ್ರಮಾಣದಲ್ಲಿ ನಿಲ್ಲಿಸಿ ವರ್ಷಗಟ್ಟಲೆ ಮುಂದುವರಿಸುತ್ತಾರೆ. ವೈದ್ಯಕೀಯದಲ್ಲಿ ಇದನ್ನು ಅಲರ್ಜನ್ ಇಮ್ಯುನೊಥೆರಪಿ ಎನ್ನುತ್ತಾರೆ. ಪೂರ್ಣ ಅವಧಿ ಸಾಮಾನ್ಯವಾಗಿ 3ರಿಂದ 5 ವರ್ಷ. ಮಾತ್ರೆ ಮತ್ತು ಮೂಗಿನ ಸ್ಪ್ರೇಗಳು ಅಲರ್ಜಿಯ ಲಕ್ಷಣಗಳನ್ನು ಆ ಹೊತ್ತಿಗೆ ತಗ್ಗಿಸುತ್ತವೆ; ಅಲರ್ಜಿಯ ಪ್ರವೃತ್ತಿಯನ್ನೇ ತಿರುಗಿಸಬಲ್ಲದೆಂದು ಸಿದ್ಧವಾಗಿರುವುದು ಈ ಚಿಕಿತ್ಸೆ.

ಇದರ ಯಶಸ್ಸು ಮೂರು ಸಂಗತಿಗಳ ಮೇಲೆ ನಿಂತಿದೆ: ನಿಜವಾದ ಅಲರ್ಜಿಕಾರಕವನ್ನು ಗುರುತಿಸುವುದು, ಸರದಿ ತಪ್ಪದಂತೆ ಚುಚ್ಚುಮದ್ದು ಪಡೆಯುವುದು, ಪ್ರತಿ ಸಲವೂ ಚುಚ್ಚಿದ ಮೇಲೆ ಅರ್ಧ ಗಂಟೆ ವೈದ್ಯರ ಕಣ್ಗಾವಲಿನಲ್ಲಿ ಇರುವುದು. ದೊಡ್ಡ ನಗರದಲ್ಲಿ ಇವು ಅಷ್ಟೇನೂ ಕಷ್ಟವಲ್ಲ. ಶ್ರವಣಬೆಳಗೊಳ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನಂಥ ಊರುಗಳಲ್ಲಿ ಬಸ್ಸಿನ ವೇಳೆ, ಒಕ್ಕಣೆಯ ಕಾಲ, ಫ್ರಿಡ್ಜಿನ ಕರೆಂಟು ಇವೂ ಚಿಕಿತ್ಸೆಯ ಭಾಗವಾಗುತ್ತವೆ.

ಎರಡು ಬಗೆಯ ಸೂಜಿ

ಹಳ್ಳಿಗಾಡಿನಲ್ಲಿ ಮೈಯೆಲ್ಲ ಗಂಧೆ ಎದ್ದಾಗ ಅಥವಾ ಸೀನು ನಿಲ್ಲದಾಗ ಕ್ಲಿನಿಕ್ಕಿಗೆ ಹೋಗಿ ಹಾಕಿಸಿಕೊಳ್ಳುವ ಸೂಜಿ ಬೇರೆ. ಅದು ಸಾಮಾನ್ಯವಾಗಿ ಏವಿಲ್ ಎಂಬ ಹೆಸರಿನಲ್ಲಿ ಬರುವ ಫೆನಿರಮಿನ್ ಅಥವಾ ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್. ಏವಿಲ್ ಹಿಸ್ಟಮಿನ್ನನ್ನು ತಡೆಯುತ್ತದೆ, ಜೊತೆಗೆ ತೂಕಡಿಕೆ ತರುತ್ತದೆ. ಪರಿಣಾಮ ಕೆಲವು ಗಂಟೆಗಳಿಗೆ ಮುಗಿಯುತ್ತದೆ. ಸ್ಟೆರಾಯ್ಡ್ ಸೂಜಿಯಿಂದ ರೋಗಿಗೆ ಬೇಗ ಹಾಯೆನಿಸುತ್ತದೆ. ಆದರೆ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡರೆ ಸಕ್ಕರೆ ಏರುವುದು, ಮೂಳೆ ಸವೆಯುವುದು, ದೇಹ ತಾನೇ ತಯಾರಿಸುವ ಸ್ಟೆರಾಯ್ಡ್ ಕುಗ್ಗುವುದು, ಚುಚ್ಚಿದ ಜಾಗದ ಚರ್ಮ ಗುಳಿಬೀಳುವುದು ಮುಂತಾದ ತೊಂದರೆಗಳು ಬರುತ್ತವೆ.

ಈ ಲೇಖನದ ವಿಷಯವಾದ ಚುಚ್ಚುಮದ್ದಿನಲ್ಲಿ ಇಂಥ ಯಾವ ಶಾಮಕವೂ ಇರುವುದಿಲ್ಲ, ಇರುವುದು ಅಲರ್ಜಿಕಾರಕವೇ. ಆದ್ದರಿಂದ ಸೀನು ಬಂದ ದಿನ ಓಡಿಹೋಗಿ ಹಾಕಿಸಿಕೊಳ್ಳುವಂಥದ್ದಲ್ಲ ಇದು. ಮೈ ಚೆನ್ನಾಗಿರುವ ದಿನವೇ ಪಡೆಯಬೇಕಾದದ್ದು.

ಇತಿಹಾಸ

ಬೇಸಿಗೆಯಲ್ಲಿ ಬರುವ ಸೀನಿನ ಕಾಯಿಲೆಯನ್ನು 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬಾಸ್ಟಾಕ್ ಮೊದಲು ಕ್ರಮವಾಗಿ ವರ್ಣಿಸಿದ. ವಿವರಿಸಿದ್ದು ಸ್ವಂತ ಕಾಯಿಲೆಯನ್ನೇ. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ಹುಲ್ಲಿನ ಪರಾಗವನ್ನು ತನ್ನ ಮೂಗು, ಕಣ್ಣು, ಗೀರಿದ ಚರ್ಮಕ್ಕೆ ತಗುಲಿಸಿಕೊಂಡು, ಕಾಯಿಲೆಗೆ ಪರಾಗವೇ ಕಾರಣವೆಂದು 1873ರಲ್ಲಿ ಪ್ರಕಟಿಸಿದ. ಅಲರ್ಜಿ ಎಂಬ ಪದವನ್ನು 1906ರಲ್ಲಿ ಬಳಕೆಗೆ ತಂದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ.

ಚುಚ್ಚುಮದ್ದಿನ ಚರಿತ್ರೆ ಆರಂಭವಾಗುವುದು 1911ರಲ್ಲಿ. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದ ಸಾರವನ್ನು ಏರುಪ್ರಮಾಣದಲ್ಲಿ ಚುಚ್ಚಿ ಪಡೆದ ಫಲಿತಾಂಶವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಪರಾಗದಲ್ಲಿ ಒಂದು ವಿಷವಿದೆ, ಲಸಿಕೆಯಂತೆ ಅದಕ್ಕೆ ಪ್ರತಿರೋಧ ಬೆಳೆಸಬಹುದು ಎಂಬುದು ಅವನ ಊಹೆ. ಊಹೆ ತಪ್ಪಿತ್ತು, ಚಿಕಿತ್ಸೆ ಸರಿಯಿತ್ತು. ನೂನ್ 1913ರಲ್ಲಿ ಕ್ಷಯದಿಂದ ತೀರಿಕೊಂಡ ಮೇಲೆ ಸಹೋದ್ಯೋಗಿ ಜಾನ್ ಫ್ರೀಮನ್ ಕೆಲಸವನ್ನು ಮುಂದುವರಿಸಿದ.

ಅಲರ್ಜಿಯ ಹಿಂದಿರುವ ಪ್ರತಿಕಾಯ ಐಜಿಇ ಪತ್ತೆಯಾದದ್ದು 1966–67ರಲ್ಲಿ, ಅಮೆರಿಕದಲ್ಲಿ ಇಶಿಜಾಕಾ ದಂಪತಿ ಮತ್ತು ಸ್ವೀಡನ್ನಿನಲ್ಲಿ ಯೊಹಾನ್ಸನ್–ಬೆನ್ನಿಕ್ ಜೋಡಿಯಿಂದ. ಜೇನು, ಕಣಜಗಳ ಕಡಿತದ ಅಲರ್ಜಿಗೆ ಅವುಗಳ ಶುದ್ಧ ವಿಷವನ್ನೇ ಬಳಸುವುದು ಫಲಕಾರಿ ಎಂದು 1978ರ ಪ್ರಯೋಗ ತೋರಿಸಿತು. ಬ್ರಿಟನ್ನಿನಲ್ಲಿ ಈ ಚಿಕಿತ್ಸೆಯಿಂದ ಸಂಭವಿಸಿದ 26 ಸಾವುಗಳ ವರದಿ 1986ರಲ್ಲಿ ಹೊರಬಿದ್ದಾಗ ಅಲ್ಲಿ ಬಳಕೆಗೆ ಕಟ್ಟುನಿಟ್ಟಿನ ನಿರ್ಬಂಧ ಬಂತು. ಚುಚ್ಚಿದ ಮೇಲೆ ಕಾಯಿಸುವ ನಿಯಮ ಬಿಗಿಯಾದದ್ದರ ಹಿಂದೆ ಆ ವರದಿಯಿದೆ. ವಿಶ್ವ ಆರೋಗ್ಯ ಸಂಸ್ಥೆ 1998ರ ತನ್ನ ನಿಲುವುಪತ್ರದಲ್ಲಿ ಇದನ್ನು ಅಲರ್ಜಿ ಕಾಯಿಲೆಗಳ ಚಿಕಿತ್ಸಕ ಲಸಿಕೆ ಎಂದು ಅಂಗೀಕರಿಸಿತು.

ಭಾರತದಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್ಸ್ಟಿಟ್ಯೂಟ್ ಈ ಕ್ಷೇತ್ರದ ಆರಂಭದ ಕೇಂದ್ರ, ಡಿ. ಎನ್. ಶಿವಪುರಿ ಅಲ್ಲಿನ ಆದ್ಯರು. ಕರ್ನಾಟಕದ ಕೊಡುಗೆ ಹೆಚ್ಚಾಗಿ ಪಾರ್ಥೇನಿಯಂ ಎಂಬ ಕಳೆಯ ಸುತ್ತ ಬೆಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು ಈ ಕಳೆಯ ಪರಾಗ ಮೂಗಿನ ಅಲರ್ಜಿಗೆ ಕಾರಣವಾಗುವುದನ್ನು ಅಧ್ಯಯನ ಮಾಡಿ 1991ರಲ್ಲಿ ಪ್ರಕಟಿಸಿದರು. ಪರೀಕ್ಷಿಸಿದ ಮೂಗಿನ ಅಲರ್ಜಿಯ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರ ಚರ್ಮ ಪಾರ್ಥೇನಿಯಂ ಪರಾಗಕ್ಕೆ ಪ್ರತಿಕ್ರಿಯಿಸಿತ್ತು. ಮಕ್ಕಳ ತಜ್ಞ ಎಚ್. ಪರಮೇಶ್ ಬೆಂಗಳೂರಿನ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಆಸ್ತಮಾದ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5ಕ್ಕೆ ಏರಿದ್ದನ್ನು ದಾಖಲಿಸಿದರು. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನಲ್ಲಿ ಪಿ. ಎ. ಮಹೇಶ್ ಮತ್ತು ತಂಡ ಉಸಿರಾಟದ ಹಾಗೂ ಆಹಾರದ ಅಲರ್ಜಿಗಳ ಕುರಿತು ಅಧ್ಯಯನ ನಡೆಸಿದೆ.

ಕೆಲಸ ಮಾಡುವ ಬಗೆ

ಅಲರ್ಜಿ ಇರುವವರ ದೇಹ ನಿರುಪದ್ರವಿ ವಸ್ತುವಿನ ವಿರುದ್ಧ ಐಜಿಇ ಪ್ರತಿಕಾಯವನ್ನು ತಯಾರಿಸುತ್ತದೆ. ಅದು ಮೂಗು, ಶ್ವಾಸನಾಳ, ಚರ್ಮಗಳಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಕುಳಿತಿರುತ್ತದೆ. ಪರಾಗ ಒಳಹೊಕ್ಕು ಅದಕ್ಕೆ ತಗುಲಿದ ಕೂಡಲೇ ಕೋಶ ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಚೆಲ್ಲುತ್ತದೆ. ನಿಮಿಷಗಳಲ್ಲಿ ಮೂಗು ಕಟ್ಟುತ್ತದೆ, ಕಣ್ಣು ಕೆಂಪಾಗುತ್ತದೆ, ಎದೆ ಬಿಗಿಯುತ್ತದೆ.

ಅದೇ ವಸ್ತುವನ್ನು ಚರ್ಮದಡಿಯ ಕೊಬ್ಬಿನ ಪದರಕ್ಕೆ ಕಿರುಪ್ರಮಾಣದಲ್ಲಿ ಮೇಲಿಂದ ಮೇಲೆ ಕೊಟ್ಟಾಗ ಪ್ರತಿರಕ್ಷೆಯ ದಿಕ್ಕು ಬದಲಾಗುತ್ತದೆ. ಮೊದಲ ವಾರಗಳಲ್ಲೇ ಮಾಸ್ಟ್ ಕೋಶ ಮತ್ತು ರಕ್ತದಲ್ಲಿರುವ ಅಂಥದೇ ಕೋಶಗಳಾದ ಬೇಸೊಫಿಲ್‌ಗಳ ಸಿಡುಕು ತಗ್ಗುತ್ತದೆ. ಆಮೇಲೆ ನಿಯಂತ್ರಕ ಟಿ ಕೋಶಗಳು ಹೆಚ್ಚಿ, ಇಂಟರ್‌ಲ್ಯೂಕಿನ್-10ರಂಥ ಶಮನಕಾರಿ ಸಂಕೇತಗಳನ್ನು ಸ್ರವಿಸುತ್ತವೆ. ಐಜಿಜಿ4 ಎಂಬ ಇನ್ನೊಂದು ಪ್ರತಿಕಾಯ ಬೆಳೆದು, ಪರಾಗವು ಐಜಿಇಗೆ ತಗುಲುವ ಮುನ್ನವೇ ಅಡ್ಡಬಂದು ಹಿಡಿದುಕೊಳ್ಳುತ್ತದೆ. ಐಜಿಇ ಮೊದಲು ಸ್ವಲ್ಪ ಏರಿ, ವರ್ಷಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಇದಿಷ್ಟೂ ಗಟ್ಟಿಯಾಗಿ ನೆಲೆಗೊಳ್ಳಲು ಕಾಲ ಬೇಕು. ಒಂದೆರಡು ತಿಂಗಳಲ್ಲಿ ಚಿಕಿತ್ಸೆ ಬಿಟ್ಟವರಿಗೆ ಲಾಭ ಸಿಗದಿರುವುದು ಇದೇ ಕಾರಣಕ್ಕೆ.

ಸೀಮೆಯ ಅಲರ್ಜಿಕಾರಕಗಳು

ಹಾಸನ ಜಿಲ್ಲೆಯ ಪೂರ್ವಭಾಗ ಬಯಲುಸೀಮೆ, ಪಶ್ಚಿಮ ಭಾಗ ಮಲೆನಾಡು. ಶ್ರವಣಬೆಳಗೊಳ ಇರುವ ಚನ್ನರಾಯಪಟ್ಟಣ ತಾಲ್ಲೂಕು ತೆಂಗು, ರಾಗಿಗಳ ನಾಡು. ಹೊಳೆನರಸೀಪುರದಲ್ಲಿ ಹೇಮಾವತಿಯ ದಡದ ಗದ್ದೆಗಳಿವೆ. ಅರಕಲಗೂಡು ಹೊಗೆಸೊಪ್ಪು ಬೆಳೆಯುವ ಸೀಮೆ. ರಾಮನಾಥಪುರದಲ್ಲಿ ಅದರ ಹರಾಜು ಮಾರುಕಟ್ಟೆಯೇ ಇದೆ. ಒಂದೊಂದು ಕಡೆ ಮೂಗಿಗೆ ಬೀಳುವ ಧೂಳು ಒಂದೊಂದು ಬಗೆ.

ಪಾರ್ಥೇನಿಯಂ: ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. 1950ರ ದಶಕದ ಮಧ್ಯದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ರಸ್ತೆಬದಿ, ಬೀಳುಭೂಮಿ, ಕೆರೆಯಂಗಳದಲ್ಲಿ ಮಳೆ ಬಿದ್ದ ಮೇಲೆ ಸೊಕ್ಕಿ ಹೂ ಬಿಡುತ್ತದೆ. ಇದನ್ನು ತಿನ್ನುವ ಮೆಕ್ಸಿಕನ್ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಕಳೆ ತಗ್ಗಿದರೂ ಅಳಿಯಲಿಲ್ಲ. ಈ ಗಿಡ ಎರಡು ಬೇರೆ ಬೇರೆ ಕಾಯಿಲೆ ತರುತ್ತದೆ. ಪರಾಗದಿಂದ ಬರುವ ಸೀನು, ಉಬ್ಬಸಗಳು ಐಜಿಇ ಮೂಲಕ ಬರುವಂಥವು. ಅವುಗಳಿಗೆ ಚುಚ್ಚುಮದ್ದನ್ನು ಯೋಚಿಸಬಹುದು. ಕಳೆ ಕೀಳುವವರ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಚರ್ಮ ಕಪ್ಪಾಗಿ ದಪ್ಪಗಟ್ಟಿ ನವೆಯಾಗುವ ಕಾಯಿಲೆ ಪಾರ್ಥೆನಿನ್ ಎಂಬ ರಾಸಾಯನಿಕದಿಂದ ಟಿ ಕೋಶಗಳ ಮೂಲಕ ತಡವಾಗಿ ಬರುತ್ತದೆ. ಅದಕ್ಕೆ ಈ ಲೇಖನದ ಚುಚ್ಚುಮದ್ದು ಔಷಧವಲ್ಲ. ಚರ್ಮತಜ್ಞರ ಚಿಕಿತ್ಸೆ ಬೇಕು.

ಇತರ ಪರಾಗಗಳು: ಗರಿಕೆ ಮುಂತಾದ ಹುಲ್ಲುಗಳು, ದಂಟು–ಕೀರೆ ಜಾತಿಯ ಕಳೆಗಳು, ಹರಳು, ಬಳ್ಳಾರಿ ಜಾಲಿ, ಸರ್ವೆ ಇವು ಅಲರ್ಜಿಕಾರಕ ಪಟ್ಟಿಯಲ್ಲಿವೆ. ತೆಂಗಿನ ಪರಾಗವೂ ಅಲರ್ಜಿಕಾರಕವೆಂದು ದಾಖಲಾಗಿದೆ. ತೆಂಗು ವರ್ಷವಿಡೀ ಹೊಂಬಾಳೆ ಬಿಡುವುದರಿಂದ ಅದಕ್ಕೊಂದು ನಿರ್ದಿಷ್ಟ ಋತು ಇಲ್ಲ.

ಧೂಳುನುಸಿ: ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇರದ, ಕಣ್ಣಿಗೆ ಬೀಳದ ಜೀವಿ. ಹತ್ತಿ ಹಾಸಿಗೆ, ಬೂರುಗದ ದಿಂಬು, ಬಿಸಿಲು ಕಾಣದ ಕಂಬಳಿಗಳಲ್ಲಿ ಮನುಷ್ಯನ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವದಲ್ಲಿ ಇದರ ಸಂತಾನ ಹೆಚ್ಚು. ಧಾನ್ಯದ ಉಗ್ರಾಣಗಳಲ್ಲಿ ಇದರ ಬಳಗದ ಬೇರೆ ನುಸಿಗಳಿರುತ್ತವೆ. ಬೆಳಗ್ಗೆ ಹಾಸಿಗೆಯಲ್ಲೇ ಸಾಲುಸಾಲಾಗಿ ಸೀನು ಬಂದರೆ ಮೊದಲ ಅನುಮಾನ ಇದರ ಮೇಲೆ. ಜಿರಲೆ ಮತ್ತು ಬೂಷ್ಟಿನ ಕಣಗಳೂ ಮನೆಯೊಳಗಿನ ಸಾಮಾನ್ಯ ಕಾರಣಗಳು.

ಒಕ್ಕಣೆಯ ಧೂಳು: ನವೆಂಬರ್–ಡಿಸೆಂಬರಿನಲ್ಲಿ ರಾಗಿ ಕುಯಿಲಾದ ಮೇಲೆ ಕಣದಲ್ಲಿ, ಕೆಲವೆಡೆ ಡಾಂಬರು ರಸ್ತೆಯ ಮೇಲೆಯೇ, ಒಕ್ಕಣೆ ನಡೆಯುತ್ತದೆ. ಆಗ ಏಳುವ ಹೊಟ್ಟಿನಲ್ಲಿ ಬೂಷ್ಟಿನ ಕಣಗಳೂ ಸೇರಿರುತ್ತವೆ. ಆದರೆ ಕಣದಲ್ಲಿ ಸೀನುವವರಿಗೆಲ್ಲ ಅಲರ್ಜಿ ಇದೆಯೆಂದಲ್ಲ. ದಟ್ಟ ಧೂಳು, ತೆಂಗಿನ ನಾರಿನ ಪುಡಿ, ಹೊಗೆಸೊಪ್ಪು ಹದಮಾಡುವ ಗೂಡಿನ ಘಾಟು ಯಾರ ಮೂಗನ್ನಾದರೂ ಕೆಣಕುತ್ತವೆ. ಕೆರಳಿಕೆಗೆ ಬಟ್ಟೆ ಅಥವಾ ಮಾಸ್ಕ್ ಸಾಕು, ಚುಚ್ಚುಮದ್ದು ಬೇಡ.

ಜೇನು ಮತ್ತು ಕಣಜ: ಬಂಡೆ, ಎತ್ತರದ ಮರಗಳಲ್ಲಿ ಕಟ್ಟುವ ಹೆಜ್ಜೇನು ಈ ಸೀಮೆಗೆ ಹೊಸದಲ್ಲ. ಕಡಿದ ಜಾಗ ಊದುವುದು ಸಹಜ. ಒಂದೇ ಕಡಿತಕ್ಕೆ ಮೈಯೆಲ್ಲ ಗಂಧೆ, ಉಸಿರುಕಟ್ಟು, ತಲೆಸುತ್ತು ಬಂದರೆ ಅದು ಜೀವಕ್ಕೆ ಕುತ್ತಾಗಬಲ್ಲ ಅಲರ್ಜಿ. ವಿಷದ ಚುಚ್ಚುಮದ್ದು ಅಂಥವರನ್ನು ಬಹುಮಟ್ಟಿಗೆ ರಕ್ಷಿಸುತ್ತದೆ. ಆದರೆ ಶುದ್ಧ ವಿಷದ ಸಾರ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ.

ಯಾರಿಗೆ ಸೂಕ್ತ, ಯಾರಿಗಲ್ಲ

ಮೂಗು ಮತ್ತು ಕಣ್ಣಿನ ಅಲರ್ಜಿ, ಹತೋಟಿಯಲ್ಲಿರುವ ಅಲರ್ಜಿಜನ್ಯ ಆಸ್ತಮಾ, ಕೀಟದ ಕಡಿತದ ತೀವ್ರ ಅಲರ್ಜಿ ಇವು ಮುಖ್ಯ ಸಂದರ್ಭಗಳು. ಮಾತ್ರೆ, ಸ್ಪ್ರೇಗಳಿಂದ ಸಾಕಷ್ಟು ಗುಣ ಕಾಣದವರು, ಅವುಗಳನ್ನು ದೀರ್ಘಕಾಲ ಬಳಸಲಾಗದವರು ಇದನ್ನು ಆರಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ 5 ವರ್ಷ ತುಂಬಿದ ಮಕ್ಕಳಿಂದ ಆರಂಭಿಸುತ್ತಾರೆ. ತನಗೇನಾಗುತ್ತಿದೆ ಎಂದು ಹೇಳಬಲ್ಲ ವಯಸ್ಸು ಮುಖ್ಯ.

ಹತೋಟಿಗೆ ಬಾರದ ಆಸ್ತಮಾ ಇರುವವರಿಗೆ ಇದನ್ನು ಕೊಡುವುದಿಲ್ಲ. ಗಂಭೀರ ಪ್ರತಿಕ್ರಿಯೆಗಳಿಗೆ ಮುಖ್ಯ ಕಾರಣ ಅದೇ. ಬಿಪಿ ಅಥವಾ ಹೃದಯಕ್ಕಾಗಿ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ತುರ್ತು ಔಷಧವಾದ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದೇ ಹೋಗಬಹುದು. ಆದ್ದರಿಂದ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು. ಗರ್ಭಿಣಿಯರಲ್ಲಿ ಹೊಸದಾಗಿ ಆರಂಭಿಸುವುದಿಲ್ಲ. ಮೊದಲೇ ನಡೆಯುತ್ತಿದ್ದು ಒಗ್ಗಿದ್ದರೆ ಪ್ರಮಾಣ ಏರಿಸದೆ ಮುಂದುವರಿಸಬಹುದು. ಆಹಾರದ ಅಲರ್ಜಿಗೂ ಕಾರಣ ತಿಳಿಯದ ದೀರ್ಘಕಾಲದ ಪಿತ್ತಗಂಧೆಗೂ ಈ ಚುಚ್ಚುಮದ್ದು ನೆರವಾಗುವುದಿಲ್ಲ.

ಚರ್ಮ ಪರೀಕ್ಷೆ

ಚಿಕಿತ್ಸೆಗೆ ಮೊದಲು ಚರ್ಮ ಚುಚ್ಚು ಪರೀಕ್ಷೆ ನಡೆಯುತ್ತದೆ. ಮುಂಗೈಯ ಒಳಭಾಗವನ್ನು ಒರೆಸಿ, ಪೆನ್ನಿನಿಂದ ಸಾಲಾಗಿ ಅಂಕಿ ಬರೆದು, ಒಂದೊಂದರ ಪಕ್ಕ ಒಂದೊಂದು ಸಾರದ ಹನಿ ಇಡುತ್ತಾರೆ. ಪುಟ್ಟ ಲ್ಯಾನ್ಸೆಟ್ಟಿನಿಂದ ಹನಿಯ ಮೂಲಕವೇ ಚರ್ಮದ ಮೇಲ್ಪದರವನ್ನು ಮೆಲ್ಲಗೆ ಚುಚ್ಚುತ್ತಾರೆ, ರಕ್ತ ಬರುವುದಿಲ್ಲ. ಹನಿಗಳಲ್ಲಿ ಒಂದು ಹಿಸ್ಟಮಿನ್. ಎಲ್ಲರಲ್ಲೂ ಗುಳ್ಳೆ ಎಬ್ಬಿಸಬೇಕಾದದ್ದು. ಇನ್ನೊಂದು ಬರೀ ದ್ರಾವಣ, ಯಾರಲ್ಲೂ ಎಬ್ಬಿಸಬಾರದ್ದು. 15–20 ನಿಮಿಷದ ನಂತರ ಗುಳ್ಳೆಯ ಅಗಲ ಅಳೆಯುತ್ತಾರೆ. ಬರೀ ದ್ರಾವಣದ ಗುಳ್ಳೆಗಿಂತ ಕನಿಷ್ಠ 3 ಮಿಲಿಮೀಟರ್ ದೊಡ್ಡದಾಗಿದ್ದರೆ ಪರೀಕ್ಷೆ ಪಾಸಿಟಿವ್. ಆ 15–20 ನಿಮಿಷ ತುರಿಸದೆ ಕೂರುವುದೇ ರೋಗಿಗೆ ಕಷ್ಟದ ಕೆಲಸ. ನವೆ ಒಂದೆರಡು ಗಂಟೆಯಲ್ಲಿ ತಾನೇ ಅಡಗುತ್ತದೆ.

ಸೆಟ್ರಿಜಿನ್, ಏವಿಲ್‌ನಂಥ ಔಷಧಗಳು ಗುಳ್ಳೆಯನ್ನು ಮುಚ್ಚಿಹಾಕುತ್ತವೆ. ವೈದ್ಯರು ಹೇಳಿದಂತೆ ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕು. ಅಂಗಡಿಯಲ್ಲಿ ಕೇಳಿ ತಂದ ನೆಗಡಿ ಮಾತ್ರೆಯಲ್ಲೂ ಇವೇ ಇರುತ್ತವೆ. ಚರ್ಮಕಾಯಿಲೆ ಇರುವವರಿಗೆ, ಔಷಧ ನಿಲ್ಲಿಸಲಾಗದವರಿಗೆ ರಕ್ತದಲ್ಲಿ ನಿರ್ದಿಷ್ಟ ಐಜಿಇ ಪರೀಕ್ಷೆ ಮಾಡುತ್ತಾರೆ.

ಗುಳ್ಳೆ ಎದ್ದದ್ದೆಲ್ಲ ಕಾಯಿಲೆಯಲ್ಲ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರಲ್ಲಿ ನಡೆದ ಯುರೊಪ್ರಿವಾಲ್ ಅಧ್ಯಯನದಲ್ಲಿ ಶೇ 26.5 ಮಂದಿಯ ರಕ್ತದಲ್ಲಿ ಯಾವುದಾದರೂ ಆಹಾರದ ವಿರುದ್ಧ ಐಜಿಇ ಇತ್ತು. ನಿಜವಾದ ಆಹಾರದ ಅಲರ್ಜಿ ಇರಬಹುದಾದವರು ಶೇ 1.2 ಮಾತ್ರ. ಉಸಿರಾಟದ ಅಲರ್ಜಿಗೂ ಈ ಪಾಠ ಅನ್ವಯಿಸುತ್ತದೆ. ಚನ್ನರಾಯಪಟ್ಟಣದ ತೋಟವೊಂದರಲ್ಲಿ ದುಡಿಯುವವರೊಬ್ಬರಿಗೆ ತೆಂಗಿನ ಪರಾಗಕ್ಕೂ ಧೂಳುನುಸಿಗೂ ಗುಳ್ಳೆ ಎದ್ದಿತೆಂದು ಇಟ್ಟುಕೊಳ್ಳೋಣ. ಹಗಲೆಲ್ಲ ತೋಟದಲ್ಲಿ ಆರಾಮಾಗಿದ್ದು, ನಸುಕಿನಲ್ಲಿ ಹಾಸಿಗೆ ಮಡಿಸುವಾಗ ಮಾತ್ರ ಅವರಿಗೆ ಸೀನು ಬಂದರೆ ಸೀಸೆಯಲ್ಲಿ ಇರಬೇಕಾದದ್ದು ನುಸಿಯ ಸಾರ, ತೆಂಗಿನದಲ್ಲ. ಈ ಹೊಂದಾಣಿಕೆ ನೋಡದೆ ಪಾಸಿಟಿವ್ ಬಂದ ಹತ್ತಾರು ವಸ್ತುಗಳನ್ನು ಒಂದೇ ಸೀಸೆಗೆ ಬೆರೆಸಿದರೆ ಪ್ರತಿಯೊಂದರ ಪ್ರಮಾಣವೂ ತೆಳುವಾಗಿ ಚಿಕಿತ್ಸೆ ಸೋಲುತ್ತದೆ.

ಸೀಸೆ ಮತ್ತು ಸರದಿ

ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವುದು ನೀರಿನಲ್ಲಿ ತೆಗೆದ ಸಾರ. ತೂಕ ಮತ್ತು ದ್ರವದ ಅನುಪಾತದಲ್ಲಿ 1:5000, 1:500, 1:50 ಎಂದು ಸೀಸೆಯ ಮೇಲೆ ಬರೆದಿರುತ್ತದೆ. ಕೊನೆಯದು ಎಲ್ಲಕ್ಕಿಂತ ಗಾಢ. ಒಂದು ರೂಢಿಯಂತೆ ಅತಿ ತೆಳುವಾದ ಸೀಸೆಯಿಂದ 0.1 ಮಿಲಿಲೀಟರ್‌ನಿಂದ ತೊಡಗಿ, ವಾರಕ್ಕೆ ಎರಡು ಸಲದಂತೆ 0.1ರಷ್ಟು ಏರಿಸಿ, 1 ಮಿಲಿಲೀಟರ್ ಮುಟ್ಟಿದ ಮೇಲೆ ಮುಂದಿನ ಸೀಸೆಗೆ ಹೋಗುತ್ತಾರೆ. ಲೆಕ್ಕದ ಪ್ರಕಾರ ಏರಿಕೆಯ ಈ ಘಟ್ಟ ನಾಲ್ಕು ತಿಂಗಳೊಳಗೆ ಮುಗಿಯಬೇಕು. ಜ್ವರ, ಹಬ್ಬ, ಪ್ರಯಾಣಗಳಿಂದ ಆರು ತಿಂಗಳಿಗೂ ಹಿಗ್ಗುವುದುಂಟು. ಆಮೇಲಿನದು ನಿರ್ವಹಣೆಯ ಘಟ್ಟ: 2ರಿಂದ 4 ವಾರಕ್ಕೊಂದು ಚುಚ್ಚುಮದ್ದು, ಕನಿಷ್ಠ 3 ವರ್ಷ. ಎಂದರೆ ಮತ್ತೆ 40ರಿಂದ 80 ಭೇಟಿಗಳು.

ಸರದಿ ತಪ್ಪಿದರೆ ನಿಂತಲ್ಲಿಂದಲೇ ಮುಂದುವರಿಸುವಂತಿಲ್ಲ. ಅಂತರ ಹೆಚ್ಚಾದಷ್ಟೂ ಪ್ರಮಾಣವನ್ನು ಹಿಂದಕ್ಕೆ ಇಳಿಸಿ ಮತ್ತೆ ಏರಿಸಬೇಕು. ಹೊಸ ಸೀಸೆ ತೆರೆದಾಗಲೂ ಮೊದಲ ಪ್ರಮಾಣವನ್ನು ತಗ್ಗಿಸುತ್ತಾರೆ, ತಾಜಾ ಸಾರ ಹೆಚ್ಚು ಪ್ರಬಲವಾಗಿರುವುದರಿಂದ. ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಫ್ರಿಡ್ಜಿನ ಕೆಳಗಿನ ಭಾಗದಲ್ಲಿ ಇಡಬೇಕು, ಮಂಜುಗಟ್ಟಿದರೆ ಬಳಸುವಂತಿಲ್ಲ.

ಸೀಸೆಯಲ್ಲಿ ಏನಿದೆ ಎಂಬ ಪ್ರಶ್ನೆ ಶ್ರವಣಬೆಳಗೊಳದಂಥ ಜೈನ ಕ್ಷೇತ್ರದಲ್ಲಿ ಸಹಜವಾಗಿಯೇ ಏಳುತ್ತದೆ. ಪರಾಗದ ಸಾರ ಸಸ್ಯದಿಂದ ಬಂದದ್ದು. ಧೂಳುನುಸಿ, ಜಿರಲೆಗಳ ಸಾರ ಆ ಜೀವಿಗಳಿಂದಲೇ ತೆಗೆದದ್ದು. ಕೆಲವು ದ್ರಾವಣಗಳಲ್ಲಿ ಮನುಷ್ಯರ ರಕ್ತದಿಂದ ಪಡೆದ ಆಲ್ಬುಮಿನ್ ಇರಬಹುದು. ಅಹಿಂಸಾವ್ರತವನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಇದನ್ನು ಪರೀಕ್ಷೆಗೂ ಮೊದಲೇ ವೈದ್ಯರಿಂದ ತಿಳಿದುಕೊಂಡು ನಿರ್ಧರಿಸುವುದು ಒಳ್ಳೆಯದು. ನಡುವೆ ಬಿಟ್ಟ ಚಿಕಿತ್ಸೆಯಿಂದ ಪ್ರಯೋಜನವಿಲ್ಲ.

ಚುಚ್ಚುಮದ್ದಿನ ದಿನ

ಮೊದಲು ವಿಚಾರಣೆ: ಕಳೆದ ಸಲ ಕೈ ಊದಿತೇ, ಈಗ ಜ್ವರ ಅಥವಾ ಉಬ್ಬಸ ಇದೆಯೇ, ಹೊಸ ಮಾತ್ರೆ ಶುರುವಾಗಿದೆಯೇ. ಆಸ್ತಮಾ ಇರುವವರು ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರಿಗೆ ಊದಬೇಕಾಗಬಹುದು. ಎದೆ ಬಿಗಿದಿದ್ದರೆ ಆ ದಿನದ ಚುಚ್ಚುಮದ್ದನ್ನು ಮುಂದೂಡುತ್ತಾರೆ. ಹೆಸರು, ಸೀಸೆಯ ಗಾಢತೆ, ಪ್ರಮಾಣ ಇವನ್ನು ದಾಖಲೆ ಕಾರ್ಡಿನೊಂದಿಗೆ ತಾಳೆ ನೋಡುತ್ತಾರೆ. ರೋಗಿಯೂ ಕಣ್ಣಾಡಿಸುವುದು ಲೇಸು. ಸೀಸೆ ಅದಲುಬದಲಾಗುವುದು, ಪ್ರಮಾಣ ತಪ್ಪುವುದು ಗಂಭೀರ ಪ್ರತಿಕ್ರಿಯೆಗಳಿಗೆ ಗೊತ್ತಿರುವ ಕಾರಣಗಳು.

1 ಮಿಲಿಲೀಟರಿನ ತೆಳು ಸಿರಿಂಜ್, ಸಣ್ಣ ಸೂಜಿ. ತೋಳಿನ ಹಿಂಬದಿಯ ಹೊರಮಗ್ಗುಲಲ್ಲಿ, ಮೊಣಕೈಗೂ ಭುಜಕ್ಕೂ ನಡುವೆ, ಚರ್ಮವನ್ನು ಎತ್ತಿ ಹಿಡಿದು ಅಡಿಯ ಕೊಬ್ಬಿಗೆ ಕೊಡುತ್ತಾರೆ. ಸ್ನಾಯುವಿಗೆ ಹಾಕುವ ಸೂಜಿಯಷ್ಟು ನೋವಿಲ್ಲ. ಆಮೇಲೆ ಜಾಗವನ್ನು ಉಜ್ಜಬಾರದು. ಉಜ್ಜಿದರೆ ಸಾರ ಬೇಗ ಹರಡುತ್ತದೆ.

ನಂತರ 30 ನಿಮಿಷ ಕ್ಲಿನಿಕ್ಕಿನಲ್ಲೇ ಕಾಯಬೇಕು. ಬಸ್ಸು ಹೊರಟಿತೆಂದು ಹತ್ತು ನಿಮಿಷಕ್ಕೇ ಎದ್ದು ಹೋಗುವುದು ಈ ಚಿಕಿತ್ಸೆಯಲ್ಲಿ ಮಾಡಬಾರದ ಮೊದಲ ಕೆಲಸ. ಚುಚ್ಚುಮದ್ದಿಗೆ ಎರಡು ಗಂಟೆ ಹಿಂದೆ ಮುಂದೆ ಮೈ ಬಿಸಿಯಾಗುವ ಶ್ರಮ ಬೇಡ. ರಕ್ತದೋಟ ಹೆಚ್ಚಿದರೆ ಸಾರ ಬೇಗ ಮೈಗೇರುತ್ತದೆ. ಗದ್ದೆ ಕೆಲಸ, ಆಟ, ಗೊಮ್ಮಟನ ದರ್ಶನಕ್ಕೆ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುವುದು ಇವೆಲ್ಲ ಇನ್ನೊಂದು ದಿನಕ್ಕೆ.

ಅಡ್ಡಪರಿಣಾಮಗಳು

ಚುಚ್ಚಿದ ಜಾಗ ಕೆಂಪಾಗಿ ಊದಿ ನವೆಯಾಗುವುದು ಸಾಮಾನ್ಯ. ತಣ್ಣೀರ ಬಟ್ಟೆ ಸಾಕು. ಒಂದೆರಡು ದಿನದಲ್ಲಿ ಇಳಿಯುತ್ತದೆ. ಊತ ಅಂಗೈ ಅಗಲಕ್ಕಿಂತ ಹೆಚ್ಚಾದರೆ ಮುಂದಿನ ಭೇಟಿಯಲ್ಲಿ ತಪ್ಪದೆ ಹೇಳಬೇಕು.

ಮೈಯೆಲ್ಲ ವ್ಯಾಪಿಸುವ ಪ್ರತಿಕ್ರಿಯೆ ವಿರಳ. ಅಮೆರಿಕದ ಸಮೀಕ್ಷೆಗಳಲ್ಲಿ ಸುಮಾರು ಸಾವಿರ ಭೇಟಿಗಳಿಗೆ ಒಂದರಂತೆ ಕಂಡಿದೆ, ಅದರಲ್ಲೂ ಹೆಚ್ಚಿನವು ಸೌಮ್ಯ. ಸಾವು ಅತಿ ವಿರಳ. ಅಲ್ಲಿನ ಹಳೆಯ ಲೆಕ್ಕ ಸುಮಾರು 25 ಲಕ್ಷ ಚುಚ್ಚುಮದ್ದುಗಳಿಗೆ ಒಂದು. ಅಂಗೈ, ಅಂಗಾಲುಗಳ ನವೆ, ಒಂದೇ ಸಮನೆ ಸೀನು, ಗಂಟಲು ಬಿಗಿತ, ಧ್ವನಿ ಬದಲಾವಣೆ, ಉಬ್ಬಸ, ಗಂಧೆ, ಹೊಟ್ಟೆನೋವು, ತಲೆಸುತ್ತು, ಏನೋ ಕೇಡಾಗಲಿದೆಯೆಂಬ ಕಳವಳ ಇವು ಜೀವಕ್ಕೆ ಕುತ್ತಾಗಬಲ್ಲ ಪ್ರತಿಕ್ರಿಯೆಯಾದ ಅನಾಫಿಲಾಕ್ಸಿಸ್‌ನ ಮುನ್ಸೂಚನೆಗಳು. ಸಂಕೋಚವಿಲ್ಲದೆ ಕೂಡಲೇ ಹೇಳಬೇಕು.

ಅನಾಫಿಲಾಕ್ಸಿಸ್‌ಗೆ ಮೊದಲ ಔಷಧ ಅಡ್ರಿನಲಿನ್. ಏವಿಲ್ ಅಲ್ಲ, ಸ್ಟೆರಾಯ್ಡ್ ಅಲ್ಲ. ಕಿಲೋ ತೂಕಕ್ಕೆ 0.01 ಮಿಲಿಗ್ರಾಂ ಲೆಕ್ಕದಲ್ಲಿ, ವಯಸ್ಕರಿಗೆ ಗರಿಷ್ಠ 0.5 ಮಿಲಿಗ್ರಾಂ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಕೊಡುತ್ತಾರೆ. ಬೇಕಾದರೆ ಐದಾರು ನಿಮಿಷಕ್ಕೆ ಮತ್ತೊಮ್ಮೆ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಬೇಕು. ಉಸಿರಿಗೆ ಕಷ್ಟವಾದರೆ ಕೂರಿಸಬಹುದು, ದಿಢೀರನೆ ಎಬ್ಬಿಸಿ ನಡೆಸಬಾರದು. ಮನೆ ಸೇರಿದ ಮೇಲೆ ಇಂಥ ಲಕ್ಷಣ ಕಂಡರೆ 108 ಆಂಬುಲೆನ್ಸ್ ಕರೆಯಬೇಕು. ಅಡ್ರಿನಲಿನ್, ಆಮ್ಲಜನಕ, ರಕ್ತನಾಳಕ್ಕೆ ಹಾಕುವ ದ್ರವ ಇಲ್ಲದ ಕಡೆ ಚುಚ್ಚುಮದ್ದು ಹಾಕಿಸಿಕೊಳ್ಳಬಾರದು, ಮನೆಯಲ್ಲಿ ತಾವೇ ಹಾಕಿಕೊಳ್ಳಲೂಬಾರದು.

ಫಲ

ಮೊದಲ ತಿಂಗಳುಗಳಲ್ಲಿ ಹೆಚ್ಚೇನೂ ಕಾಣದು. ನಿತ್ಯದ ಮಾತ್ರೆ, ಸ್ಪ್ರೇ, ಇನ್‌ಹೇಲರ್‌ಗಳು ಮುಂದುವರಿಯುತ್ತವೆ. ನಿರ್ವಹಣೆಯ ಪ್ರಮಾಣ ಮುಟ್ಟಿದ ಮೇಲೆ ಸೀನಿನ ದಿನಗಳು, ಮಾತ್ರೆಯ ಅಗತ್ಯ ಎರಡೂ ಇಳಿಯತೊಡಗುತ್ತವೆ. ಆ ಪ್ರಮಾಣದಲ್ಲಿ ಒಂದು ವರ್ಷ ಕಳೆದರೂ ವ್ಯತ್ಯಾಸವಿಲ್ಲದಿದ್ದರೆ ಗುರುತಿಸಿದ ಅಲರ್ಜಿಕಾರಕ ಸರಿಯೇ ಎಂದು ಮರುಪರಿಶೀಲಿಸಿ, ಬೇಕಾದರೆ ನಿಲ್ಲಿಸುತ್ತಾರೆ. ಹುಲ್ಲಿನ ಪರಾಗಕ್ಕೆ 3–4 ವರ್ಷ ಚುಚ್ಚುಮದ್ದು ಪಡೆದವರಲ್ಲಿ, ನಿಲ್ಲಿಸಿದ ನಂತರವೂ ಕನಿಷ್ಠ 3 ವರ್ಷ ಗುಣ ಉಳಿದದ್ದನ್ನು 1999ರಲ್ಲಿ ಬ್ರಿಟನ್ನಿನ ಸ್ಟೀಫನ್ ಡರ್ಹಮ್ ತಂಡ ತೋರಿಸಿತು. ಪರಾಗದ ಅಲರ್ಜಿಯಿದ್ದ ಯುರೋಪಿನ ಮಕ್ಕಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, 3 ವರ್ಷ ಚಿಕಿತ್ಸೆ ಪಡೆದವರಿಗೆ ಮುಂದೆ ಆಸ್ತಮಾ ಬರುವುದು ಕಡಿಮೆಯಿತ್ತು.

ಇತರ ದಾರಿಗಳು

ಅದೇ ಸಾರವನ್ನು ನಾಲಿಗೆಯಡಿಗೆ ಹನಿ ಅಥವಾ ಮಾತ್ರೆಯಾಗಿ ಕೊಡುವ ಪದ್ಧತಿಯೂ ಇದೆ. ಮೊದಲ ಪ್ರಮಾಣ ವೈದ್ಯರೆದುರು, ಆಮೇಲೆ ಮನೆಯಲ್ಲಿ. ಬಾಯಿ ನವೆ ಸಾಮಾನ್ಯ. ಗಂಭೀರ ಪ್ರತಿಕ್ರಿಯೆ ಚುಚ್ಚುಮದ್ದಿಗಿಂತ ವಿರಳ. ದೂರದ ಊರಿನವರಿಗೆ ಅನುಕೂಲವಾದರೂ ದಿನ ಬಿಡದೆ ವರ್ಷಗಟ್ಟಲೆ ಹಾಕಿಕೊಳ್ಳುವ ಶಿಸ್ತು ಬೇಕು. ಯಾವ ದಾರಿ ಹಿಡಿದರೂ ಮನೆಯ ಕೆಲಸ ಬಿಟ್ಟದ್ದಲ್ಲ: ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದು, ಒದ್ದೆ ಬಟ್ಟೆಯಿಂದ ಧೂಳು ಒರೆಸುವುದು, ಪಾರ್ಥೇನಿಯಂ ಹೂ ಬಿಡುವ ಮುನ್ನ ಕೈಗವಸು ತೊಟ್ಟು ಕೀಳುವುದು.

ಊರಿನಿಂದ ಚಿಕಿತ್ಸೆ ನಡೆಸುವುದು

ಅಲರ್ಜಿಯಲ್ಲಿ ವಿಶೇಷ ತರಬೇತಿ ಪಡೆದ ವೈದ್ಯರು ಹೆಚ್ಚಾಗಿ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿದ್ದಾರೆ. ಶ್ರವಣಬೆಳಗೊಳಕ್ಕೆ ಹತ್ತಿರದ ದೊಡ್ಡ ಬೋಧನಾ ಆಸ್ಪತ್ರೆಗಳು ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಕಿವಿ–ಮೂಗು–ಗಂಟಲು, ಶ್ವಾಸಕೋಶ, ಚರ್ಮ ವಿಭಾಗಗಳಲ್ಲಿ ಮೊದಲ ತಪಾಸಣೆ ಮಾಡಿಸಿಕೊಂಡು, ಚುಚ್ಚುಮದ್ದು ಬೇಕೇ ಎಂದು ಕೇಳಬಹುದು. 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ರೈಲುಮಾರ್ಗ ಶ್ರವಣಬೆಳಗೊಳದ ಮೂಲಕವೇ ಹಾದುಹೋಗುವುದರಿಂದ ರಾಜಧಾನಿಯ ತಜ್ಞರನ್ನು ಕಾಣುವುದು ಮೊದಲಿಗಿಂತ ಸಲೀಸು.

ಆದರೂ ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗಿಬರುವುದು ಯಾರಿಗೂ ಸಾಧ್ಯವಿಲ್ಲ. ನಡೆಯುವ ದಾರಿಯೆಂದರೆ ಕೆಲಸ ಹಂಚಿಕೊಳ್ಳುವುದು. ಪರೀಕ್ಷೆ, ಸೀಸೆ ತಯಾರಿ, ಸರದಿಯ ಪಟ್ಟಿ ತಜ್ಞರದು. ಚುಚ್ಚುವುದು, ಅರ್ಧ ಗಂಟೆ ನೋಡಿಕೊಳ್ಳುವುದು ಊರಿನ ಹತ್ತಿರದ ಎಂಬಿಬಿಎಸ್ ವೈದ್ಯರದು. ಆಗ ಮೂರು ವಸ್ತು ರೋಗಿಯ ಕೈಯಲ್ಲಿರಬೇಕು: ಮಂಜುಗಡ್ಡೆಗೆ ನೇರ ತಾಗದಂತೆ ಸೀಸೆ ಇಟ್ಟ ತಂಪುಪೆಟ್ಟಿಗೆ, ದಿನಾಂಕ–ಪ್ರಮಾಣ–ಪ್ರತಿಕ್ರಿಯೆ ಬರೆಯುವ ಕಾರ್ಡು, ಸರದಿ ತಪ್ಪಿದರೆ ಎಷ್ಟು ತಗ್ಗಿಸಬೇಕು ಮತ್ತು ಅನಾಫಿಲಾಕ್ಸಿಸ್ ಆದರೆ ಏನು ಮಾಡಬೇಕು ಎಂದು ಬರೆದ ತಜ್ಞರ ಪತ್ರ. ಊರಿನ ವೈದ್ಯರಲ್ಲಿ ಅಡ್ರಿನಲಿನ್ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂದು ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ.

ಆರಂಭದ ಕಾಲವನ್ನೂ ಲೆಕ್ಕ ಹಾಕಬೇಕು. ಏರಿಕೆಯ ಘಟ್ಟದಲ್ಲಿ ಸರದಿ ತಪ್ಪಿದರೆ ನಷ್ಟ ಹೆಚ್ಚು. ಆದ್ದರಿಂದ ಬಿತ್ತನೆ, ಕುಯಿಲು, ಒಕ್ಕಣೆಗಳ ಅವಸರವಿಲ್ಲದ ಜನವರಿಯಿಂದ ಮೇ ತನಕದ ಅವಧಿ ರೈತ ಕುಟುಂಬಗಳಿಗೆ ಅನುಕೂಲ. ಮಳೆಗಾಲಕ್ಕೆ ಪಾರ್ಥೇನಿಯಂ ಹೂ ಬಿಡುವ ಹೊತ್ತಿಗೆ ಅವರು ನಿರ್ವಹಣೆಯ ಪ್ರಮಾಣ ಮುಟ್ಟಿರುತ್ತಾರೆ. ಅಲ್ಲಿಂದ ಮುಂದೆ ತಿಂಗಳಿಗೆ ಒಂದೆರಡು ಭೇಟಿ, ವರ್ಷಕ್ಕೊಮ್ಮೆ ತಜ್ಞರ ಮರುಪರಿಶೀಲನೆ ಸಾಕು.